ಕೊನೆಯ ಒಂದು ಚಮಚ ತುಪ್ಪ: ಹೋಟೆಲ್, ಅಡುಗೆಮನೆ, ತಾರಸಿ – ಬೆಂಗಳೂರಲ್ಲಿ ವೀಗನ್ ಊಟಕ್ಕೆ ಯಾವುದು ವಾಸಿ?

ಬೆಂಗಳೂರಲ್ಲಿ ವೀಗನ್ ಊಟಕ್ಕೆ, ಅಂದರೆ ಹಾಲು, ಮೊಸರು, ತುಪ್ಪದಂಥ ಪ್ರಾಣಿಮೂಲದ್ದು ಯಾವುದೂ ಇಲ್ಲದ ಊಟಕ್ಕೆ, ಕಲ್ಲು ಹಾಕುವುದು ಸಾಮಾನ್ಯವಾಗಿ ಕೊನೆಯ ಒಂದು ಚಮಚ ತುಪ್ಪ. ಅಕ್ಕಿ, ಬೇಳೆ, ಸೊಪ್ಪು, ತೆಂಗಿನಕಾಯಿ, ಹುಣಸೆ, ಎಣ್ಣೆ ಒಗ್ಗರಣೆ, ಅಲ್ಲಿಯವರೆಗೂ ಎಲ್ಲ ಸರಿ ಇರುತ್ತದೆ. ತಟ್ಟೆ ಕೈಗೆ ಬರುವ ಹೊತ್ತಿಗೆ ಯಾರೋ ಒಬ್ಬರು ಪ್ರೀತಿಯಿಂದ ಮೇಲೆ ತುಪ್ಪ ಸುರಿದಿರುತ್ತಾರೆ. ಇಲ್ಲಾ ಚಟ್ನಿಗೆ ಒಂದು ಸೌಟು ಮೊಸರು ಕಲಸಿರುತ್ತಾರೆ. ಬೇಡ ಅಂದರೆ "ಒಳ್ಳೇ ತುಪ್ಪ, ಡಾಲ್ಡಾ ಅಲ್ಲ" ಅಂತ ಸಮಾಧಾನ ಬೇರೆ.

ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು ಎಲ್ಲ ಬಿಟ್ಟು ಕೆಲವು ವರ್ಷ ಆಯಿತು. ಈ ನಡುವೆ ಮೂರು ದಾರಿಯನ್ನೂ ನೋಡಿದ್ದೇನೆ: ಹೊರಗೆ ತಿನ್ನುವುದು, ಮನೆಯಲ್ಲೇ ಬೇಯಿಸುವುದು, ತಾರಸಿಯಲ್ಲಿ ಸೊಪ್ಪು ಬೆಳೆಯುವುದು. ಯಾವುದು ವಾಸಿ ಅಂತ ಕೇಳುವವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅಡುಗೆಮನೆಗೆ ಮೊದಲ ಸ್ಥಾನ. ಹೋಟೆಲ್ ಎರಡನೆಯದು, ಅದರಲ್ಲೂ ಎಲ್ಲ ಹೋಟೆಲ್ ಅಲ್ಲ. ತಾರಸಿ ದೂರದ ಮೂರನೆಯದು. ಆದರೆ ನಾಲ್ಕೈದು ಗಿಡಗಳ ಮಟ್ಟಿಗೆ ತಾರಸಿಯ ಹತ್ತಿರಕ್ಕೆ ಉಳಿದ ಎರಡೂ ಬರುವುದಿಲ್ಲ.

ಹೊರಗೆ: ದರ್ಶಿನಿ, ಖಾನಾವಳಿ, ವೀಗನ್ ಕೆಫೆ

ನಿಂತು ತಿನ್ನುವ ದರ್ಶಿನಿಯಲ್ಲಿ ಕಣ್ಣು ಮುಚ್ಚಿ ತಿನ್ನಬಹುದಾದದ್ದು ಇಡ್ಲಿ. ಅಕ್ಕಿ, ಉದ್ದು, ಉಪ್ಪು. ಮೊಸರಿಗೆ ಅಲ್ಲಿ ಕೆಲಸವೇ ಇಲ್ಲ. ಉದ್ದಿನ ವಡೆಯೂ ಹಾಗೇ. ರವೆ ಇಡ್ಲಿ ಮಾತ್ರ ಬೇರೆ ಜಾತಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಎಂ.ಟಿ.ಆರ್. ಹೋಟೆಲಿನಲ್ಲಿ ಹುಟ್ಟಿದ ತಿಂಡಿ ಅದು. ರವೆಯನ್ನು ಮೊಸರಲ್ಲೇ ಕಲಸುತ್ತಾರೆ. ಹಾಗಾಗಿ ಅದು ನಮ್ಮ ಲೆಕ್ಕದಿಂದ ಹೊರಗೆ. ಚೌ ಚೌ ಬಾತಿನ ಎರಡು ಗುಡ್ಡೆಯೂ ಹೊರಗೆ. ಕೇಸರಿಬಾತಿಗೆ ತುಪ್ಪವೇ ಜೀವ, ಖಾರಾಬಾತಿಗೂ ಇಳಿಸುವಾಗ ಒಂದು ಸೌಟು ಬೀಳುವುದು ಮಾಮೂಲು. ಪೊಂಗಲ್, ಬಿಸಿಬೇಳೆಬಾತ್ ಬಗ್ಗೆ ಕೇಳುವುದೇ ಬೇಡ. ಪುಳಿಯೋಗರೆ, ಚಿತ್ರಾನ್ನ ಎಣ್ಣೆಯಲ್ಲೇ ಆಗುತ್ತವೆ. ನೀರು ದೋಸೆ, ಅಕ್ಕಿ ರೊಟ್ಟಿ ನಂಬಬಹುದು. ರವೆ ದೋಸೆ ಹಿಟ್ಟಿಗೆ ಎಷ್ಟೋ ಕಡೆ ಮಜ್ಜಿಗೆ ಹುಯ್ಯುತ್ತಾರೆ. ಮಂಗಳೂರು ಬನ್ಸ್‌ಗೆ ಮೊಸರು ಬೇಕೇ ಬೇಕು. ಪೂರಿ ಸಾಗು ಪರವಾಗಿಲ್ಲ, ಆದರೆ ಸಾಗು ತೀರಾ ಬೆಳ್ಳಗಿದ್ದರೆ ಒಂದು ಮಾತು ಕೇಳಿ.

ಮಸಾಲೆ ದೋಸೆಯ ಕಥೆ ಸ್ವಲ್ಪ ಉದ್ದ. ಹಿಟ್ಟಲ್ಲಿ ಏನೂ ತಕರಾರಿಲ್ಲ, ಆಲೂಗಡ್ಡೆ ಪಲ್ಯದಲ್ಲೂ ಇಲ್ಲ. ತಕರಾರೆಲ್ಲ ಕಾವಲಿ ಮೇಲೆ. ಬಿಲ್ ಕೌಂಟರಿನಲ್ಲಿ "ತುಪ್ಪ ಬೇಡ" ಅಂದರೆ ಅದು ಗಾಳಿಗೆ ಹೋಗುತ್ತದೆ, ಟೋಕನ್‌ನಲ್ಲಿ ಅದು ಅಚ್ಚಾಗುವುದಿಲ್ಲವಲ್ಲ. ದೋಸೆ ಹುಯ್ಯುವವರ ಎದುರೇ ನಿಂತು ಹೇಳಬೇಕು. ಅವರ ಕೆಲಸ ಒಂದು ನಿಮಿಷ ನೋಡಿ. ಕಾವಲಿಗೆ ನೀರು ಚಿಮುಕಿಸಿ, ಕಡ್ಡಿಪೊರಕೆಯಲ್ಲಿ ಗುಡಿಸಿ, ಸಾಲಾಗಿ ಹತ್ತು ಹನ್ನೆರಡು ದೋಸೆ ಹುಯ್ಯುತ್ತಾರೆ. ಹಿಟ್ಟು ಒಣಗುತ್ತಾ ಬಂದಂತೆ ತುಪ್ಪದ ಸೌಟು ಒಂದೇ ಬೀಸಿಗೆ ಆ ತುದಿಯಿಂದ ಈ ತುದಿಗೆ ಹೋಗಿಬಿಡುತ್ತದೆ. ನಿಮ್ಮ ದೋಸೆ ಸಾಲಿನ ಮಧ್ಯದಲ್ಲಿದ್ದರೆ ದೇವರೇ ಕಾಪಾಡಬೇಕು. ಅದಕ್ಕೇ ನಾನು "ಅಣ್ಣ, ಮೂಲೇದು ಒಂದು ಎಣ್ಣೆ ದೋಸೆ" ಅಂತ ಕೇಳುತ್ತೇನೆ. ಮೂಲೆ ಅಂದ ಕೂಡಲೇ ಅವರಿಗೂ ಸುಲಭ, ಕೈ ಅಲ್ಲಿಗೆ ಬಂದಾಗ ನಿಲ್ಲಿಸಿದರಾಯಿತು. ಭಾನುವಾರ ಬೆಳಿಗ್ಗೆ 9 ಗಂಟೆಗೆ ಹೋಗಿ ಇದನ್ನೆಲ್ಲ ಕೇಳಬೇಡಿ. ಮಧ್ಯಾಹ್ನ 3ರ ಮೇಲೆ ಹೋದರೆ ಮಾತಾಡಿಸುವಷ್ಟು ಪುರುಸೊತ್ತು ಇರುತ್ತದೆ.

ಹಿಂದಿನ ದೋಸೆಯ ತುಪ್ಪದ ಪಸೆ ಕಾವಲಿಯಲ್ಲಿ ಉಳಿದಿರುತ್ತದೆ ಅಲ್ವಾ? ಇರುತ್ತದೆ. ನಾನು ಅಷ್ಟಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಡಿಸಿಕೊಳ್ಳುವವರು ದರ್ಶಿನಿಯಲ್ಲಿ ಇಡ್ಲಿಗೇ ನಿಲ್ಲುವುದು ಒಳ್ಳೆಯದು. ಚಟ್ನಿಯ ವಿಷಯದಲ್ಲಿ ನಾಲಿಗೆಯನ್ನೇ ನಂಬಬೇಕು: ನೀರಾದ ಬಿಳಿ ಚಟ್ನಿ ಹುಳಿ ಹುಳಿ ಅನಿಸಿದರೆ ಮೊಸರಿನ ಅನುಮಾನ ಪಡಿ. ಗಟ್ಟಿ ಚಟ್ನಿಯಲ್ಲಿ ಹುರಿಗಡಲೆ, ತೆಂಗಿನಕಾಯಿ, ಹಸಿಮೆಣಸಿನಕಾಯಿ ಬಿಟ್ಟು ಬೇರೇನೂ ಸಾಮಾನ್ಯವಾಗಿ ಇರುವುದಿಲ್ಲ.

ಕೂತು ಉಣ್ಣುವ ಹೋಟೆಲುಗಳದ್ದು ಇನ್ನೊಂದು ಥರ. ಮಧ್ಯಾಹ್ನದ ಊಟಕ್ಕೆ ಹೋದ ಒಂದು ಕಡೆ, ಅನ್ನಕ್ಕೆ ತುಪ್ಪ ಬೇಡ ಅಂತ ಮೊದಲೇ ಹೇಳಿದ್ದೆ. ಸಪ್ಲೈಯರ್ "ಆಯ್ತು ಆಯ್ತು" ಅಂದು ಹೋಗಿ, ತುಪ್ಪ ಹಾಕಿಕೊಂಡೇ ಬಂದ. ಬದಲಾಯಿಸಿ ಅಂದರೆ ಎರಡು ಊಟದ ಬಿಲ್ ಬಂತು. ಇಂಥದ್ದು ಆಗಾಗ ಆಗುತ್ತದೆ. ಯಾರಿಗೂ ಕೆಟ್ಟ ಮನಸ್ಸಿಲ್ಲ. ತುಪ್ಪ ಬೇಡ ಅನ್ನುವ ಮನುಷ್ಯ ಇರಬಹುದು ಅನ್ನುವುದೇ ಅವರಿಗೆ ಹೊಳೆಯುವುದಿಲ್ಲ.

ಈ ತಾಪತ್ರಯ ಕಡಿಮೆ ಇರುವುದು ಉತ್ತರ ಕರ್ನಾಟಕದ ಖಾನಾವಳಿಯಲ್ಲಿ. ಜೋಳದ ರೊಟ್ಟಿಗೆ ಹಿಟ್ಟು, ಬಿಸಿನೀರು ಅಷ್ಟೇ. ಎಣ್ಣೆಗಾಯಿಯಲ್ಲಿ ಶೇಂಗಾ, ಎಳ್ಳು, ಗುರೆಳ್ಳು. ಝುಣಕ ಇದೆ, ಕಾಳಿನ ಪಲ್ಯ ಇದೆ, ಶೇಂಗಾ ಚಟ್ನಿಪುಡಿ, ಕೆಂಪು ಖಾರ, ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಈರುಳ್ಳಿ. ಬೆಣ್ಣೆ, ಮೊಸರು, ಮಜ್ಜಿಗೆ ಅಲ್ಲೂ ಬರುತ್ತವೆ. ಆದರೆ ಬೇರೆ ಬೇರೆ ಬಟ್ಟಲಲ್ಲಿ ಬರುತ್ತವೆ, ಯಾರೂ ಯಾವುದನ್ನೂ ಯಾವುದರ ಮೇಲೂ ಸುರಿಯುವುದಿಲ್ಲ. ಬಟ್ಟಲು ಪಕ್ಕಕ್ಕೆ ಸರಿಸಿದರೆ ಮುಗಿಯಿತು, ಉಳಿದದ್ದೆಲ್ಲ ನಿಮ್ಮದು. ಮೊಸರು ಕಲಸಿದ ಪಚಡಿ ಒಂದನ್ನು ನೋಡಿಕೊಳ್ಳಿ. ಗಾಂಧಿನಗರದ ಕಾಮತ್ ಯಾತ್ರಿನಿವಾಸದಂಥ ಹಳೇ ಜಾಗದಿಂದ ಹಿಡಿದು ಬಡಾವಣೆಯ ಚಿಕ್ಕ ಖಾನಾವಳಿವರೆಗೆ ಊಟದ ಕ್ರಮ ಹೆಚ್ಚುಕಡಿಮೆ ಒಂದೇ. ಹೊರಗೆ ಹೊಟ್ಟೆ ತುಂಬ ಉಣ್ಣಬೇಕು ಅಂದರೆ ನನ್ನ ಮೊದಲ ಓಟು ಇದಕ್ಕೇ.

ಮುದ್ದೆ ಊಟದ್ದು ಒಂದು ವಿಚಿತ್ರ. ಈ ಊರಲ್ಲಿ ಒಳ್ಳೆಯ ಮುದ್ದೆ ಕಟ್ಟುವುದು ಜಾಸ್ತಿ ಮಾಂಸದೂಟದ ಮಿಲಿಟರಿ ಹೋಟೆಲಿನವರು. ಅಲ್ಲಿ ಸೊಪ್ಪಿನ ಸಾರು ಕೇಳಿದರೆ ಕೆಲವು ಕಡೆ ಕೊಡುತ್ತಾರೆ, ಆದರೆ ಸೌಟು ಯಾವ ಪಾತ್ರೆಯಿಂದ ಎದ್ದು ಬಂತು ಅಂತ ಹೇಳುವವರಿಲ್ಲ. ಮಲ್ಲೇಶ್ವರದ ಹಳ್ಳಿಮನೆಯಂಥ ಸಸ್ಯಾಹಾರಿ ಜಾಗಗಳಲ್ಲಿ ಆ ಚಿಂತೆ ಇಲ್ಲ, ತುಪ್ಪ ಬೇಡ ಅಂದರೆ ಸಾಕು.

ಇನ್ನು ವೀಗನ್ ಕೆಫೆ. ಇಂದಿರಾನಗರ, ಕೋರಮಂಗಲ, ಸದಾಶಿವನಗರದ ಕಡೆ ಇವು ಬರುತ್ತವೆ, ಹೋಗುತ್ತವೆ. ಒಂದು ದೊಡ್ಡ ಸುಖ ಇದೆ: ಏನನ್ನೂ ಕೇಳಬೇಕಾಗಿಲ್ಲ. ಮೆನು ತೆಗೆದು ಯಾವುದಕ್ಕೆ ಬೇಕಾದರೂ ಬೆರಳಿಡಬಹುದು. ಕೇಕು ತಿನ್ನಬಹುದು, ಐಸ್‌ಕ್ರೀಂ ತಿನ್ನಬಹುದು. ಬೆಲೆ ಮಾತ್ರ ದರ್ಶಿನಿಯ ಐದಾರು ಪಟ್ಟು. ರುಚಿಯಲ್ಲೂ ಒಂದು ದೂರು ಇದೆ. ಚೀಸ್ ಆಗಲಿ, ಕ್ರೀಂ ಆಗಲಿ, ಸಾಸ್ ಆಗಲಿ, ಎಲ್ಲದರ ಹಿಂದೆಯೂ ಗೋಡಂಬಿ. ಊಟ ಮುಗಿಯುವ ಹೊತ್ತಿಗೆ ನಾಲಿಗೆಗೆ ಎಲ್ಲ ಒಂದೇ ಆಗಿರುತ್ತದೆ. ಹುಟ್ಟುಹಬ್ಬಕ್ಕೆ, ಮಕ್ಕಳಿಗೆ ಕೇಕು ಕೊಡಿಸಲು ಹೋಗುತ್ತೇನೆ. ವಾರದ ಊಟಕ್ಕಲ್ಲ.

ಪ್ಯಾಕೆಟ್ ತಿಂಡಿ ಕೊಳ್ಳುವವರಿಗೆ ಒಂದು ಮಾತು. ಹಸಿರು ಚುಕ್ಕೆ ನೋಡಿ ನಂಬಬೇಡಿ, ಹಾಲಿನ ಪುಡಿ ಇದ್ದರೂ ಆ ಚುಕ್ಕೆ ಇರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮ ತಂದಿದೆ. ಎಲೆ ಚಿಗುರಿದ ಹಸಿರು 'ವಿ' ಅಕ್ಷರದ ಗುರುತು ಅದರದ್ದು. ಅದು ಕಾಣದಿದ್ದರೆ ಹಿಂದೆ ಬರೆದಿರುವ ಪದಾರ್ಥಗಳ ಪಟ್ಟಿ ಓದಿ.

ಕಾಫಿ ಮತ್ತು ಮೊಸರು

ಮನೆ ಅಡುಗೆಯಲ್ಲಿ ತುಪ್ಪ ಬಿಡುವುದು ಸುಲಭ. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ, ಮುದ್ದೆಗೆ ಒಂದು ಹನಿ ಎಳ್ಳೆಣ್ಣೆ, ದೋಸೆಗೆ ಯಾವ ಎಣ್ಣೆಯಾದರೂ ಸರಿ. ನಿಜವಾದ ಪರೀಕ್ಷೆ ಇರುವುದು ಬೆಳಿಗ್ಗೆಯ ಕಾಫಿಯಲ್ಲಿ ಮತ್ತು ಊಟದ ಕೊನೆಯ ಮೊಸರನ್ನದಲ್ಲಿ. ಇವೆರಡಕ್ಕೇ ಸೋತು ವಾಪಸ್ ಹಾಲಿಗೆ ಹೋದವರನ್ನು ಬೇಕಾದಷ್ಟು ನೋಡಿದ್ದೇನೆ.

ಫಿಲ್ಟರ್ ಕಾಫಿಗೆ ನಾನು ಹೋಲಿಸಿ ನೋಡಿದ್ದು ಸೋಯಾ, ಓಟ್ಸ್, ತೆಂಗು, ಬಾದಾಮಿ, ಗೋಡಂಬಿ, ಕಡಲೆಕಾಯಿ. ಕಡಲೆಕಾಯಿ ಹಾಲನ್ನು ಕಾಫಿಗೆ ಹಾಕಬೇಡಿ, ಅಷ್ಟೇ ಹೇಳುತ್ತೇನೆ. ಬಾದಾಮಿ ಹಾಲು ತೀರಾ ತೆಳು, ಚಿಕೋರಿ ಬೆರೆಸಿದ ನಮ್ಮ ಡಿಕಾಕ್ಷನ್ ಎದುರು ಅದು ನಿಲ್ಲುವುದಿಲ್ಲ. ತೆಂಗಿನ ಹಾಲಿನ ಕಾಫಿ ಕಾಫಿಗಿಂತ ಹೆಚ್ಚು ತೆಂಗಿನಕಾಯಿ ಅನಿಸುತ್ತದೆ. ಜೋರಾಗಿ ಕುದಿಸಿದರೆ ಒಡೆದು ಎಣ್ಣೆ ಮೇಲೆ ತೇಲುತ್ತದೆ.

ಓಟ್ಸ್ ಹಾಲು ಅಂಗಡಿಯದ್ದಾದರೆ ಚೆನ್ನಾಗಿದೆ. ಮನೆಯಲ್ಲಿ ಮಾಡಿದ್ದು ಬಿಸಿ ಮಾಡಿದ ಕೂಡಲೇ ಗಂಜಿ ಆಗುತ್ತದೆ. ಓಟ್ಸ್‌ನಲ್ಲಿರುವ ಪಿಷ್ಟ ಬಿಸಿಗೆ ಗಟ್ಟಿಯಾಗುವುದು ಅದಕ್ಕೆ ಕಾರಣ. ಅಂಗಡಿಯದ್ದಕ್ಕೆ ಕಿಣ್ವ ಹಾಕಿ ಆ ಪಿಷ್ಟವನ್ನು ಒಡೆದಿರುತ್ತಾರೆ, ಅದರ ಸಿಹಿಯೂ ಅಲ್ಲಿಂದಲೇ ಬರುವುದು. ಆದರೆ ಲೀಟರಿಗೆ 200ರಿಂದ 300 ರೂಪಾಯಿ. ನಂದಿನಿಯ ನೀಲಿ ಪ್ಯಾಕೆಟ್ 50 ರೂಪಾಯಿ ಒಳಗೇ ಸಿಗುವ ಊರಲ್ಲಿ ಇಷ್ಟು ಕೊಟ್ಟು ದಿನಾ ಎರಡು ಲೋಟ ಕಾಫಿ ಕುಡಿಯುವುದು ನನ್ನ ಕೈಲಾಗದ ಕೆಲಸ.

ಸೋಯಾ ಅಗ್ಗ. ಆದರೆ ಎರಡು ಕಿರಿಕಿರಿ. ಒಂದು, ಹಸಿ ಕಾಳಿನ ವಾಸನೆ. ರಾತ್ರಿ ನೆನೆಸಿದ ಕಾಳನ್ನು ತಣ್ಣೀರಲ್ಲಿ ರುಬ್ಬಿದರೆ ಆ ವಾಸನೆ ಏಳುತ್ತದೆ. ಕಾಳಿನೊಳಗಿನ ಒಂದು ಕಿಣ್ವ ಅದಕ್ಕೆ ಕಾರಣ. ಕುದಿಯುವ ನೀರು ಹಾಕಿ ರುಬ್ಬಿದರೆ ಅದರ ಆಟ ಅಲ್ಲೇ ನಿಲ್ಲುತ್ತದೆ. ಸಿಪ್ಪೆ ತೆಗೆದು, ಬಿಸಿನೀರಲ್ಲಿ ರುಬ್ಬಿ, ಸೋಸಿ, 15–20 ನಿಮಿಷ ಚೆನ್ನಾಗಿ ಕುದಿಸಬೇಕು. ಎರಡನೆಯದು ಒಡೆಯುವುದು. ಕುದಿ ಬಿಸಿ ಡಿಕಾಕ್ಷನ್ನಿನ ಹುಳಿಗೆ ಸೋಯಾ ಹಾಲು ಮೊಸರೊಡೆದ ಹಾಗೆ ಆಗುತ್ತದೆ. ಡಿಕಾಕ್ಷನ್ ಬೆಚ್ಚಗಿರುವಷ್ಟಕ್ಕೆ ಇಳಿಸಿ, ಲೋಟಕ್ಕೆ ಮೊದಲು ಬಿಸಿ ಹಾಲು ಹುಯ್ದು, ಆಮೇಲೆ ಡಿಕಾಕ್ಷನ್ ಸಣ್ಣಗೆ ಬಿಟ್ಟರೆ ಬಹುಮಟ್ಟಿಗೆ ತಪ್ಪುತ್ತದೆ.

ಈಗ ನಮ್ಮ ಮನೆಯಲ್ಲಿ ನಿಂತಿರುವುದು ಗೋಡಂಬಿ ಹಾಲು. ಬಿಸಿನೀರಲ್ಲಿ ನೆನೆಸಿದ ಹತ್ತು ಹನ್ನೆರಡು ಗೋಡಂಬಿಗೆ ಒಂದು ಲೋಟ ನೀರು, ನುಣ್ಣಗೆ ರುಬ್ಬಿದರೆ ಸಾಕು. ಸೋಸಬೇಕಾಗಿಲ್ಲ, ಹಿಂಡಿ ಉಳಿಯುವುದಿಲ್ಲ. ಮುಕ್ಕು ಗೋಡಂಬಿ ತಂದರೆ ಖರ್ಚೂ ಕಡಿಮೆ. ನೊರೆ ಹಾಲಿನ ಕಾಫಿಯಷ್ಟು ಬರುವುದಿಲ್ಲ, ಆದರೆ ಬಣ್ಣ ಬರುತ್ತದೆ, ಮೈ ಬರುತ್ತದೆ. ಕೆಫೆಯಲ್ಲಿ ಗೋಡಂಬಿ ಅಂತ ಗೊಣಗಿದ ಬಾಯಲ್ಲೇ ಇದನ್ನು ಹೇಳುತ್ತಿದ್ದೇನೆ, ನಗಬೇಡಿ.

ಮೊಸರಿನಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು. ಅಲ್ಲಿ ಗೆಲ್ಲುವುದು ಕಡಲೆಕಾಯಿ. ಒಂದು ಬಟ್ಟಲು ಕಡಲೆಬೀಜವನ್ನು ಆರೇಳು ಗಂಟೆ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, ಮೂರು ಮೂರೂವರೆ ಬಟ್ಟಲು ನೀರಲ್ಲಿ ರುಬ್ಬಿ ಬಟ್ಟೆಯಲ್ಲಿ ಹಿಂಡಬೇಕು. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ ಹತ್ತು ನಿಮಿಷ ಕುದಿಸಿ. ನೊರೆ ಉಕ್ಕುವುದು ದನದ ಹಾಲಿಗಿಂತ ಜೋರು, ಪಾತ್ರೆ ದೊಡ್ಡದಿರಲಿ. ಬೆರಳು ತಡೆಯುವಷ್ಟು ಬಿಸಿ ಇರುವಾಗ ಹೆಪ್ಪು ಹಾಕಬೇಕು. ಮೊದಲ ಸಲಕ್ಕೆ ವೀಗನ್ ಹೆಪ್ಪು ಎಲ್ಲಿಂದ ತರೋದು? ತೊಟ್ಟಿರುವ ಹಸಿಮೆಣಸಿನಕಾಯಿ ನಾಲ್ಕೈದು ಮುಳುಗಿಸಿಡಿ. ತೊಟ್ಟಿನಲ್ಲಿ ಅಂಟಿಕೊಂಡಿರುವ ಬ್ಯಾಕ್ಟೀರಿಯಾಗಳೇ ಹಾಲನ್ನು ಹುಳಿ ಮಾಡುತ್ತವೆ. ಮೊದಲ ಮೊಸರು ಸಡಿಲ, ಸ್ವಲ್ಪ ಒಗರು. ಅದನ್ನೇ ಹೆಪ್ಪು ಮಾಡಿ ಹಾಕಿದ ಎರಡನೆಯದು ಗಟ್ಟಿ. ಮೂರನೆಯದರ ಹೊತ್ತಿಗೆ ಚಾಕುವಿನಲ್ಲಿ ಕೊಯ್ಯುವ ಹಾಗೆ ಬರುತ್ತದೆ. ಡಿಸೆಂಬರ್, ಜನವರಿಯ ಚಳಿಗೆ ಪಾತ್ರೆಗೆ ದಪ್ಪ ಟವೆಲ್ ಸುತ್ತಿಡಿ, ಇಲ್ಲದಿದ್ದರೆ ಬೆಳಿಗ್ಗೆಗೆ ಹಾಲು ಹಾಲಾಗೇ ಇರುತ್ತದೆ.

ಸುಮ್ನೆ ಚಮಚದಲ್ಲಿ ತಿಂದರೆ ಕಡಲೆಕಾಯಿ ವಾಸನೆ ಗೊತ್ತಾಗುತ್ತದೆ. ಸಾಸಿವೆ, ಇಂಗು, ಶುಂಠಿ, ಕರಿಬೇವಿನ ಒಗ್ಗರಣೆ ಬಿದ್ದ ಮೊಸರನ್ನದಲ್ಲಿ ಗೊತ್ತಾಗುವುದಿಲ್ಲ. ಮಜ್ಜಿಗೆ ಹುಳಿಗೂ ಸರಿಹೋಗುತ್ತದೆ. ಸೋಯಾ ಮೊಸರು ಇದಕ್ಕಿಂತ ಗಟ್ಟಿ, ಆದರೆ ಹುಳಿ ಏರಿದಂತೆ ಆ ಹಸಿ ವಾಸನೆ ಮತ್ತೆ ತಲೆ ಎತ್ತುತ್ತದೆ. ತೆಂಗಿನ ಮೊಸರು ಎರಡನೇ ದಿನಕ್ಕೇ ಕೆಡುವ ಹಾದಿ ಹಿಡಿಯುತ್ತದೆ. ಕಾರ್ತಿಕದ ಕೊನೆಯ ಸೋಮವಾರದ ಹೊತ್ತಿಗೆ ಬಸವನಗುಡಿಯ ಪರಿಷೆಯಲ್ಲಿ ಕಡಲೆಕಾಯಿ ರಾಶಿ ಬೀಳುತ್ತದಲ್ಲ, ಹಸಿ ಕಾಯಿ ತಂದು ಒಣಗಿಸಿಟ್ಟುಕೊಂಡರೆ ಕೆಲವು ವಾರಕ್ಕೆ ಚಿಂತೆ ಇಲ್ಲ.

ಬಸ್ಸಾರಿಗೆ ಯಾರನ್ನೂ ಕೇಳಬೇಕಾಗಿಲ್ಲ

ವೀಗನ್ ಅಡುಗೆ ಕಲಿಯಬೇಕು ಅಂತ ಹೊರಟವರು ಮೊದಲು ಟೋಫು ಹುಡುಕುತ್ತಾರೆ. ನಾನು ಹೇಳುವುದು, ಹಳೇ ಮೈಸೂರಿನ ಸಾರುಗಳನ್ನು ಮೊದಲು ಕಲಿಯಿರಿ ಅಂತ. ಬಸ್ಸಾರು, ಮಸ್ಸೊಪ್ಪು, ಉಪ್ಪುಸಾರು, ಹಿತಕಿದ ಬೇಳೆ ಸಾರು. ಇವುಗಳಲ್ಲಿ ಬದಲಿಸಬೇಕಾದ್ದು ಏನೂ ಇಲ್ಲ, ಮೇಲೆ ಬೀಳುವ ತುಪ್ಪ ನಿಲ್ಲಿಸಿದರೆ ಮುಗಿಯಿತು.

ಬಸ್ಸಾರಿನ ಜಾಣತನವೇ ಬೇರೆ. ದಂಟು ಸೊಪ್ಪು, ಜೊತೆಗೆ ಅಲಸಂದೆ ಕಾಳೋ ತೊಗರಿಬೇಳೆಯೋ ಬೇಯಿಸಿ, ಕಟ್ಟು ಬಸಿದಿಟ್ಟುಕೊಳ್ಳುವುದು. ಬೆಂದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಕಾಯಿ ತುರಿ ಹಾಕಿದರೆ ಪಲ್ಯ. ಬಸಿದ ಕಟ್ಟಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಸಾರಿನಪುಡಿ, ತೆಂಗಿನಕಾಯಿ, ಒಂದು ಹಿಡಿ ಬೆಂದ ಸೊಪ್ಪನ್ನೇ ರುಬ್ಬಿ ಹಾಕಿ ಕುದಿಸಿದರೆ ಸಾರು. ಒಂದೇ ಪಾತ್ರೆಯಿಂದ ಎರಡು ಅಡುಗೆ, ಬೇಯಿಸಿದ ನೀರೂ ಚೆಲ್ಲಿಹೋಗುವುದಿಲ್ಲ. ಈರುಳ್ಳಿಯನ್ನು ಗ್ಯಾಸಿನ ಉರಿಯ ಮೇಲೇ ಇಟ್ಟು ಹೊರಗಿನ ಪದರ ಕಪ್ಪಾಗುವವರೆಗೆ ಸುಡಿ. ಎಣ್ಣೆಯಲ್ಲಿ ಹುರಿದರೆ ಆ ಹೊಗೆಯ ರುಚಿ ಬರುವುದಿಲ್ಲ, ತುಪ್ಪ ಇಲ್ಲದ ಸಾರಿಗೆ ಆ ರುಚಿ ಬೇಕೇ ಬೇಕು. ಮಾರನೇ ದಿನದ ಬಸ್ಸಾರು ಇನ್ನೂ ವಾಸಿ ಅಂತ ಬಲ್ಲವರಿಗೆ ಹೇಳಬೇಕಾಗಿಲ್ಲ.

ಜೊತೆಗೆ ರಾಗಿ ಮುದ್ದೆ. ಹಾಲು ಬಿಟ್ಟರೆ ಕ್ಯಾಲ್ಸಿಯಂ ಎಲ್ಲಿಂದ ಅಂತ ಕೇಳುವ ನೆಂಟರಿಗೆ ಇದೇ ಉತ್ತರ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ, ಅಷ್ಟೇ ತೂಕದ ಹಾಲಿನಲ್ಲಿ ಸುಮಾರು 120. ಪಾಲಕ್‌ನಲ್ಲೂ ಕ್ಯಾಲ್ಸಿಯಂ ಇದೆ, ಆದರೆ ಅದರ ಆಕ್ಸಲೇಟ್ ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ಮೈಗೆ ಹತ್ತುವುದು ಕಡಿಮೆ. ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಮೇಲೆ ನಿಂಬೆಹುಳಿ ಹಿಂಡಿ. ಊಟ ಆದ ತಕ್ಷಣ ಕಾಫಿ ಕುಡಿದರೆ ಆ ಲಾಭ ಹೋಗುತ್ತದೆ, ಒಂದು ಗಂಟೆ ತಡೆಯಿರಿ.

ಚಳಿಗಾಲದಲ್ಲಿ ಈ ಹೋಲಿಕೆಯೇ ತಲೆಕೆಳಗಾಗುತ್ತದೆ. ಸೊಗಡು ಅವರೆ ಬಂದ ಮೇಲೆ ಹೊರಗೂ ಮನೆಯಷ್ಟೇ ಚೆನ್ನಾಗಿ ತಿನ್ನಬಹುದು. ವಿ.ವಿ. ಪುರಂ ತಿಂಡಿ ಬೀದಿಯಲ್ಲಿ ಹೆಸರು ಮಾಡಿದ ಅವರೆಬೇಳೆ ಮೇಳದಲ್ಲಿ ಅವರೆ ದೋಸೆ, ಅಕ್ಕಿ ರೊಟ್ಟಿ, ಹಿತಕಿದ ಬೇಳೆ ಸಾರು ಎಲ್ಲ ಸಿಗುತ್ತವೆ. ಅಲ್ಲೂ ಕಾವಲಿ ಮುಂದೆ ನಿಂತು ಎಣ್ಣೆ ಅಂತ ಹೇಳುವ ಕೆಲಸ ತಪ್ಪುವುದಿಲ್ಲ, ಅಷ್ಟೇ. ಹಬ್ಬದ ಸಿಹಿಗೆ ಮಾತ್ರ ಮನೆಯೇ ಸರಿ. ಕಾಯಿಹಾಲು, ಬೆಲ್ಲದ ಹೆಸರುಬೇಳೆ ಪಾಯಸ, ಗಸಗಸೆ ಪಾಯಸ ಮಾಡಿದರೆ ಹಸುವಿನ ಹಾಲನ್ನು ಯಾರೂ ಕೇಳುವುದಿಲ್ಲ.

ಸೊಪ್ಪು: ಕೊಂಡಿದ್ದಾ, ಬೆಳೆದಿದ್ದಾ

ತಾರಸಿ ತೋಟದ ಹುಚ್ಚು ಬೆಂಗಳೂರಿಗೆ ಹೊಸದಲ್ಲ. ಕೀಟಶಾಸ್ತ್ರಜ್ಞ ಡಾ. ಬಿ.ಎನ್. ವಿಶ್ವನಾಥ್ ಇಲ್ಲಿ ಎಷ್ಟೋ ಜನರಿಗೆ ಇದನ್ನು ಹಿಡಿಸಿದರು. 2011ರಲ್ಲಿ ಶುರುವಾದ 'ಊಟ ಫ್ರಮ್ ಯುವರ್ ತೋಟ' ಸಂತೆಗಳಲ್ಲಿ ಬೀಜ, ಗೊಬ್ಬರ, ಸಲಹೆ ಎಲ್ಲ ಒಂದೇ ಕಡೆ ಸಿಗುತ್ತಿತ್ತು. ಹವೆಯೂ ನಮ್ಮ ಕಡೆಗೇ ಇದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಊರು, ಸೊಪ್ಪು ವರ್ಷಪೂರ್ತಿ ಬರುತ್ತದೆ.

ಆದರೂ ದಂಟು, ಹರಿವೆ, ಪಾಲಕ್ ಬೆಳೆದು ಮನೆ ನಡೆಸುತ್ತೇನೆ ಅಂದರೆ ನಾನು ಒಪ್ಪುವುದಿಲ್ಲ. ಲೆಕ್ಕ ಹಾಕಿ. ಎರಡಡಿ ಉದ್ದ, ಒಂದಡಿ ಅಗಲದ ಟಬ್ಬಿನಲ್ಲಿ ಹರಿವೆ ಬಿತ್ತಿದರೆ ಕೀಳಲು 25–30 ದಿನ ಬೇಕು. ಕಿತ್ತದ್ದನ್ನು ಬೇಯಿಸಿದರೆ ಮೂವರಿಗೆ ಒಂದು ಹೊತ್ತಿನ ಬಸ್ಸಾರು. ಅಷ್ಟು ಸೊಪ್ಪು ಬೀದಿ ತುದಿಯಲ್ಲಿ ಟಾರ್ಪಾಲು ಹಾಸಿ ಕೂತ ಅಜ್ಜಿ ಹತ್ತಿರ 30, 40 ರೂಪಾಯಿ. ವಾರಕ್ಕೆ ನಾಲ್ಕು ದಿನ ಸೊಪ್ಪು ತಿನ್ನುವ ಮನೆಗೆ ತಾರಸಿ ತುಂಬ ಟಬ್ಬು ಇಟ್ಟರೂ ಸಾಲದು. ಬೆಳೆಯುವ ಖುಷಿಗೆ ಬೆಳೆಯುವುದಾದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ದಂಟು ತನ್ನಿ. ಬುಡ ಸಮೇತ ಕೀಳದೆ ಮೇಲೆ ಮೇಲೆ ಕೊಯ್ದರೆ ಮತ್ತೆ ಮತ್ತೆ ಚಿಗುರುತ್ತದೆ. ಬಣ್ಣ ಬೇಕಾದವರಿಗೆ ಅವರದ್ದೇ ಅರ್ಕಾ ಅರುಣಿಮ ಇದೆ.

ಕೊಳ್ಳುವುದರಲ್ಲೂ ಮೂರು ಥರ. ಮೊಬೈಲಿನಲ್ಲಿ ತರಿಸಿದ ಸೊಪ್ಪು ತೊಳೆದು, ಬೇರು ಕತ್ತರಿಸಿ, ಪ್ಲಾಸ್ಟಿಕ್ಕಿನಲ್ಲಿ ಉಸಿರುಗಟ್ಟಿ ಬರುತ್ತದೆ. ಬೆಲೆ ಜಾಸ್ತಿ, ತೂಕ ಕಡಿಮೆ, ಜಾತಿಯೂ ನಾಲ್ಕೈದೇ. ಬೆಳೆಗಾರರ ಸಹಕಾರ ಸಂಘದ ಹಾಪ್‌ಕಾಮ್ಸ್ ಅಂಗಡಿಯಲ್ಲಿ ತೂಕ, ದರ ನಂಬಬಹುದು, ಆದರೆ ಬೆಳಿಗ್ಗೆ ಬೇಗ ಹೋಗಬೇಕು. ಆ ಅಜ್ಜಿ ಹತ್ತಿರ ಸಿಗುವ ವೈವಿಧ್ಯ ಬೇರೆಲ್ಲೂ ಇಲ್ಲ. ಒಂದು ದಿನ ಹೊನಗೊನೆ, ಇನ್ನೊಂದು ದಿನ ಗಣಿಕೆ, ಮಳೆ ಬಿದ್ದ ವಾರ ಅಣ್ಣೆ ಸೊಪ್ಪು, ಎಲ್ಲ ಸೇರಿಸಿ ಕಟ್ಟಿದ ಬೆರಕೆ ಸೊಪ್ಪು. ಒಂದೇ ಆತಂಕ ಅಂದರೆ ನೀರಿನದ್ದು. ಕೊಳಚೆ ಸೇರುವ ಕೆರೆಗಳ ಕೆಳಗೆ ಬೆಳೆದ ಸೊಪ್ಪಿನಲ್ಲಿ ಭಾರಲೋಹ ಸೇರಿರಬಹುದು ಅನ್ನುವ ಭಯ ಈ ಊರಲ್ಲಿ ಹಳೆಯದು. ಉಪ್ಪುನೀರಲ್ಲಿ ತೊಳೆದರೆ ಮಣ್ಣು ಹೋದೀತು, ಬೇರಿನಿಂದ ಏರಿದ ಲೋಹ ಹೋಗುವುದಿಲ್ಲ. ಯಾವ ಊರಿಂದ ಬಂತು ಅಂತ ಕೇಳಿ ಕೊಳ್ಳುವುದು ನನ್ನ ರೂಢಿ.

ಇನ್ನು ತಾರಸಿಯೇ ಗೆಲ್ಲುವ ಗಿಡಗಳು. ದೊಡ್ಡಪತ್ರೆ ಮೊದಲನೆಯದು. ಅಂಗಡಿಯಲ್ಲಿ ಅಪರೂಪ, ಕಡ್ಡಿ ಚುಚ್ಚಿದರೆ ಬದುಕುತ್ತದೆ, ಮರೆತರೂ ಸಾಯುವುದಿಲ್ಲ. ಹತ್ತು ಎಲೆ ಬಾಡಿಸಿ, ಜೀರಿಗೆ, ಮೆಣಸು, ಕಾಯಿ ಜೊತೆ ರುಬ್ಬಿ ಕಡಲೆಕಾಯಿ ಮೊಸರಿಗೆ ಕಲಸಿದರೆ ತಂಬುಳಿ. ಒಂದೆಲಗ ಎರಡನೆಯದು, ನೆರಳಿದ್ದರೂ ಬರುತ್ತದೆ. ಬಸಳೆ ಕಂಬಿಗೆ ಹಬ್ಬಿಸಿಬಿಟ್ಟರೆ ಬೇಸಿಗೆಯಲ್ಲೂ ಕೊಡುತ್ತದೆ. ಕರಿಬೇವು ಹೇಳಬೇಕಾಗಿಲ್ಲ. ಐದನೆಯದು ಚಕ್ರಮುನಿ, ವಿಟಮಿನ್ ಸೊಪ್ಪು ಅಂತ ಕರೆಯುತ್ತಾರಲ್ಲ ಅದು. ಇದನ್ನು ಬೇಯಿಸಿಯೇ ತಿನ್ನಿ. 1990ರ ದಶಕದ ಮಧ್ಯದಲ್ಲಿ ತೈವಾನ್‌ನಲ್ಲಿ ತೂಕ ಇಳಿಸಲು ಇದರ ಹಸಿ ರಸ ಕುಡಿದ ಹಲವರಿಗೆ ಶ್ವಾಸಕೋಶವೇ ಕೆಟ್ಟಿತ್ತು. ನಮ್ಮ ಪಲ್ಯ, ಹುಳಿಯಲ್ಲಿ ಬೀಳುವಷ್ಟು ಬೆಂದ ಎಲೆಗೆ ಆ ಭಯ ಬೇಡ.

ಗೊಬ್ಬರದ ವಿಷಯದಲ್ಲಿ ವೀಗನ್ ಮಂದಿಯಲ್ಲೇ ಜಗಳ ಇದೆ. ಸಗಣಿ, ಜೀವಾಮೃತ, ಪಂಚಗವ್ಯ, ಮೂಳೆಪುಡಿ ಬಳಸಿದ ಸೊಪ್ಪು ವೀಗನ್ನಾ? ಮೂಳೆಪುಡಿ ನಾನು ಮುಟ್ಟುವುದಿಲ್ಲ. ಸಗಣಿಯ ಬಗ್ಗೆ ವಾದ ಮಾಡುವ ಬದಲು ಅಡುಗೆಮನೆ ಕಸದ ಗೊಬ್ಬರ ಮಾಡಿಕೊಂಡಿದ್ದೇನೆ. ಅದರ ಜೊತೆ ಹೊಂಗೆ ಹಿಂಡಿ, ಬೇವಿನ ಹಿಂಡಿ ಸಾಕು. ಕಸವನ್ನು ಗೊಬ್ಬರ ಮಾಡಲು ಮಡಕೆ ಮೇಲೆ ಮಡಕೆ ಪೇರಿಸಿದ ಡೈಲಿ ಡಂಪ್ ಕಂಪನಿಯ ಮಣ್ಣಿನ ಕಂಬ ಈ ಊರಲ್ಲೇ ಹುಟ್ಟಿದ್ದು, ಬಾಲ್ಕನಿಯಲ್ಲೂ ಹಿಡಿಸುತ್ತದೆ. ಸಸ್ಯಹೇನಿಗೆ ಲೀಟರ್ ನೀರಿಗೆ 5 ಎಂ.ಎಲ್. ಬೇವಿನೆಣ್ಣೆ, ಎರಡು ಹನಿ ಸೋಪು, ಸಂಜೆ ಹೊತ್ತು. ಪಾರಿವಾಳಕ್ಕೆ ಬಲೆ ಬಿಟ್ಟು ಬೇರೆ ಔಷಧಿ ಇಲ್ಲ.

ನೀರು ಇದಕ್ಕಿಂತ ದೊಡ್ಡ ಮಾತು. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂತ ಹೇಳಿತ್ತು. ಆಗಿನಿಂದ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಮಾತ್ರ ನಮ್ಮ ಗಿಡಗಳಿಗೆ. ಅಷ್ಟು ನೀರಿಗೆ ಎಷ್ಟು ಕುಂಡ ಬದುಕುತ್ತವೋ ಅಷ್ಟೇ ಇಟ್ಟಿದ್ದೇನೆ. ಹರಿವೆ ಟಬ್ಬುಗಳು ಆಗಲೇ ಹೋದವು.

ಮೂರೂ ಕಡೆ ಸಿಗದ್ದು

ಬಿ12 ವಿಟಮಿನ್. ಹೋಟೆಲಿನ ಇಡ್ಲಿಯಲ್ಲಿಲ್ಲ, ಮನೆಯ ಬಸ್ಸಾರಿನಲ್ಲಿಲ್ಲ, ತಾರಸಿಯ ದೊಡ್ಡಪತ್ರೆಯಲ್ಲಂತೂ ಇಲ್ಲ. ಕಡಲೆಕಾಯಿ ಮೊಸರನ್ನು ನಂಬಿ ಕೂರಬೇಡಿ, ಸ್ಪಿರುಲಿನಾದಲ್ಲಿರುವುದು ನಮ್ಮ ಮೈಗೆ ಉಪಯೋಗಕ್ಕೆ ಬಾರದ ರೂಪ. ಮಾತ್ರೆಯೋ, ಬಿ12 ಸೇರಿಸಿದ ಸೋಯಾ, ಓಟ್ಸ್‌ನಂಥ ಹಾಲೋ ಬೇಕೇ ಬೇಕು. ಸೊಪ್ಪು ಜಾಸ್ತಿ ತಿನ್ನುವವರು ಇದನ್ನು ಇನ್ನೂ ಗಮನಿಸಬೇಕು. ಸೊಪ್ಪಿನ ಫೋಲೇಟ್ ಬಿ12 ಕೊರತೆಯ ರಕ್ತಹೀನತೆಯನ್ನು ಮರೆಮಾಚಬಹುದು, ಆದರೆ ನರಕ್ಕೆ ಆಗುವ ಹಾನಿ ಒಳಗೊಳಗೇ ನಡೆಯುತ್ತಿರುತ್ತದೆ. ಕೈಕಾಲು ಜೋಮು ಹಿಡಿಯುವವರೆಗೆ ಕಾಯದೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಎಷ್ಟು ಡೋಸ್ ಅಂತ ಡಾಕ್ಟರನ್ನೇ ಕೇಳಿ. ಔಷಧಿ ಅಂಗಡಿಯಲ್ಲಿ ಕೊಳ್ಳುವಾಗ ಕ್ಯಾಪ್ಸೂಲಾ ಮಾತ್ರೆಯಾ ಅಂತಲೂ ನೋಡಿ. ಕ್ಯಾಪ್ಸೂಲಿನ ಹೊದಿಕೆ ಎಷ್ಟೋ ಸಲ ಜೆಲಾಟಿನ್‌ನದ್ದು, ಅದು ಪ್ರಾಣಿಯಿಂದ ಬಂದದ್ದು.